ರಾಮನ ಹೆಸರಿನ ದವಡೆ, ಕೋತಿಗಳ ಸಾಕ್ಷಿ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ರಾಮಾಪಿಥೆಕಸ್ ಎಂಬ ಹೆಸರು ನೆನಪಿರಬಹುದು. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಎರಡು ಜೀವಿಗಳಿದ್ದವು, ಡ್ರಯೋಪಿಥೆಕಸ್ ಹೆಚ್ಚು ವಾನರನ ಹಾಗೆ, ರಾಮಾಪಿಥೆಕಸ್ ಹೆಚ್ಚು ಮನುಷ್ಯನ ಹಾಗೆ. ಇಷ್ಟನ್ನು ಬಾಯಿಪಾಠ ಮಾಡಿ ಒಂದು ಅಂಕ ತೆಗೆದವರು ನಮ್ಮ ಬಳಗದಲ್ಲೂ ಇದ್ದೇವೆ. ಕೆಲಸದ ಪರೀಕ್ಷೆಗೆ ಓದುವ ಹುಡುಗರು ಇವತ್ತಿಗೂ ಅದನ್ನೇ ಉರು ಹೊಡೆಯುತ್ತಾರೆ.

ಆದರೆ ಮನುಷ್ಯನ ಪೂರ್ವಜ ಎಂಬ ಪಟ್ಟ ಈ ಜೀವಿಯ ಕೈತಪ್ಪಿ 40 ವರ್ಷಗಳ ಮೇಲಾಯಿತು. ಪಟ್ಟ ಸಿಕ್ಕಿದ್ದು ಹಲ್ಲಿನಿಂದ. ಹೋಗಿದ್ದರಲ್ಲೂ ಹಲ್ಲಿನ ಪಾಲಿದೆ. ಮೊದಲ ಸಲ ಪಂಡಿತರು ನೋಡಿದ್ದು ಸತ್ತ ಜೀವಿಯ ಹಲ್ಲನ್ನು. ಎರಡನೇ ಸಲ ಬದುಕಿರುವ ಕೋತಿಗಳ ಹಲ್ಲನ್ನೂ ಪಕ್ಕದಲ್ಲಿಟ್ಟು ನೋಡಿದರು. ಆಗ ಕಥೆ ಬದಲಾಯಿತು.

ಮುಂದೆ ಗೊಂದಲ ಆಗದಿರಲಿ ಎಂದು ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಊರಿನ ಮಂಗ, ಮುಸುವ ಎರಡೂ ಕೋತಿಗಳು, ಬಾಲ ಇರುವವು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ ಬಾಲವಿಲ್ಲ. ಅವನ್ನು ಇಲ್ಲಿ ವಾನರ ಎಂದು ಕರೆಯುತ್ತೇವೆ. ಮನುಷ್ಯನ ಹತ್ತಿರದ ನೆಂಟರು ವಾನರರು. ಕೋತಿಗಳದ್ದು ಸ್ವಲ್ಪ ದೂರದ ಸಂಬಂಧ.

ಹಲ್ಲಿನ ಮೇಲಿನ ಬಿಳಿ ಚಿಪ್ಪು

ನಮ್ಮ ಹಲ್ಲಿನಲ್ಲಿ ಹೊರಗೆ ಕಾಣುವ ಬಿಳಿ ಪದರದ ಹೆಸರು ಎನಾಮಲ್. ಒಳಗಿನ ಹಳದಿ ಬಣ್ಣದ, ಸ್ವಲ್ಪ ಮೆತ್ತಗಿನ ಭಾಗ ಡೆಂಟಿನ್. ದೇಹದಲ್ಲೆಲ್ಲ ಅತಿ ಗಟ್ಟಿ ವಸ್ತು ಎನಾಮಲ್. ತೂಕದಲ್ಲಿ ಶೇ 96ರಷ್ಟು ಬರೀ ಖನಿಜ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೆ ಸತ್ತುಹೋಗುತ್ತವೆ. ಹಾಗಾಗಿ ಮುರಿದ ಮೂಳೆ ಕೂಡುತ್ತದೆ, ಗಾಯ ಮಾಯುತ್ತದೆ, ಸವೆದ ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಹುಟ್ಟುವಾಗ ಕಟ್ಟಿಕೊಟ್ಟ ಬುತ್ತಿ ಅದು. ಸಾಯುವವರೆಗೂ ಅದರಲ್ಲೇ ಸಾಗಬೇಕು.

ಗಟ್ಟಿಯಾಗಿರುವುದರಿಂದಲೇ ಲಕ್ಷಗಟ್ಟಲೆ ವರ್ಷ ಮಣ್ಣಲ್ಲಿ ಹೂತಿದ್ದರೂ ಹಲ್ಲು ಉಳಿಯುತ್ತದೆ. ದೇಹದ ಉಳಿದ ಮೂಳೆ ಪುಡಿಯಾದರೂ ದವಡೆಯ ತುಂಡು, ನಾಲ್ಕು ಹಲ್ಲು ಸಿಗುತ್ತವೆ. ಹಳೆಯ ವಾನರರ ಚರಿತ್ರೆಯ ಬಹುಪಾಲು ಬರೆದಿರುವುದು ಹಲ್ಲುಗಳನ್ನು ನೋಡಿಯೇ. ಅದರ ಬಲವೂ ಅದೇ, ತೊಡಕೂ ಅದೇ.

ಹಿಮಾಚಲದಲ್ಲಿ ಸಿಕ್ಕ ತುಂಡು

ಹಿಮಾಲಯದ ತಪ್ಪಲಿನ ಸಣ್ಣ ಗುಡ್ಡಸಾಲಿಗೆ ಶಿವಾಲಿಕ್ ಎಂದು ಹೆಸರು. ಹಳೆಯ ನದಿಗಳು ತಂದು ಸುರಿದ ಮಣ್ಣು ಕಲ್ಲಾಗಿ ನಿಂತ ಗುಡ್ಡಗಳಿವು. ಅಲ್ಲಿ ಸಿಕ್ಕ ವಾನರನ ಹಲ್ಲುಗಳಿಗೆ 1910ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಗೈ ಪಿಲ್‌ಗ್ರಿಮ್ ಶಿವಾಪಿಥೆಕಸ್ ಎಂದು ಹೆಸರಿಟ್ಟರು. ಪಿಥೆಕಸ್ ಎಂದರೆ ಗ್ರೀಕ್ ಭಾಷೆಯಲ್ಲಿ ವಾನರ.

1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಜಿ. ಎಡ್ವರ್ಡ್ ಲೂಯಿಸ್ ಅಲ್ಲಿಗೆ ಬಂದರು. ಈಗಿನ ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ಹರಿತಲ್ಯಾಂಗರ್ ಎಂಬ ಊರಿನ ಸುತ್ತ ಅವರಿಗೆ ಮೇಲ್ದವಡೆಯ ಒಂದು ತುಂಡು ಸಿಕ್ಕಿತು. ಅಂಗೈಯಲ್ಲಿ ಹಿಡಿಯುವಷ್ಟು, ಅದರಲ್ಲಿ ಕೆಲವು ಹಲ್ಲು. 1934ರಲ್ಲಿ ಲೂಯಿಸ್ ಅದಕ್ಕೆ ರಾಮಾಪಿಥೆಕಸ್ ಎಂದು ಹೆಸರಿಟ್ಟರು. ಅದೇ ಬರಹದಲ್ಲಿ ಸುಗ್ರೀವಾಪಿಥೆಕಸ್ ಎಂಬ ಇನ್ನೊಂದು ಹೆಸರೂ ಇತ್ತು. ಆನೆಗೊಂದಿ, ಹಂಪಿ ಕಡೆಯವರಿಗೆ ಕೇಳಿ ಖುಷಿಯಾಗಬಹುದು. ಆದರೆ ಆ ಜೀವಿಗೂ ನಮ್ಮ ಕಿಷ್ಕಿಂಧೆಗೂ ಸಂಬಂಧವಿಲ್ಲ. ವಿದೇಶಿ ವಿದ್ವಾಂಸರು ಇಲ್ಲಿನ ದೇವರ, ಪುರಾಣದ ಹೆಸರುಗಳನ್ನು ಪ್ರೀತಿಯಿಂದ ಇಟ್ಟರು, ಅಷ್ಟೆ.

ಈ ದವಡೆ ಮನುಷ್ಯನ ಕಡೆಗೆ ವಾಲುತ್ತದೆ ಎಂದು ಲೂಯಿಸ್ ಹೇಳಿದರು. 1935ರಲ್ಲಿ ಅಲೆಷ್ ಹರ್ಡ್ಲಿಚ್ಕಾ ಎಂಬ ದೊಡ್ಡ ವಿದ್ವಾಂಸರು ಆ ಮಾತನ್ನು ತಳ್ಳಿಹಾಕಿದರು. ದವಡೆ ಮ್ಯೂಸಿಯಂನಲ್ಲಿ ಉಳಿಯಿತು. ಸುಮಾರು ಕಾಲು ಶತಮಾನ ಅದರ ಸುದ್ದಿ ದೊಡ್ಡದಾಗಿ ಯಾರೂ ಎತ್ತಲಿಲ್ಲ.

ಪಟ್ಟ ಕಟ್ಟಿದ ಕಾಲ

1961ರಲ್ಲಿ ಯೇಲ್‌ನ ಎಲ್ವಿನ್ ಸೈಮನ್ಸ್ ಆ ತುಂಡನ್ನು ಮತ್ತೆ ಹೊರತೆಗೆದು ಬರೆದರು. ಲೂಯಿಸ್ ಹೇಳಿದ್ದೇ ಸರಿ, ಇದು ಮನುಷ್ಯನ ವಂಶದ್ದೇ ಎಂದರು. ಮುಂದೆ ಡೇವಿಡ್ ಪಿಲ್ಬೀಮ್ ಎಂಬ ಯುವ ವಿದ್ವಾಂಸರು ಅವರ ಜೊತೆಯಾದರು. ಅದೇ ಹೊತ್ತಿಗೆ, 1962ರಲ್ಲಿ, ಕೆನ್ಯಾದಲ್ಲಿ ಸಿಕ್ಕ ಅಂಥದೇ ದವಡೆಗೆ ಲೂಯಿ ಲೀಕಿ ಕೆನ್ಯಾಪಿಥೆಕಸ್ ಎಂದು ಹೆಸರು ಕೊಟ್ಟರು. ಸೈಮನ್ಸ್ ಅದನ್ನೂ ರಾಮಾಪಿಥೆಕಸ್ ಲೆಕ್ಕಕ್ಕೇ ಸೇರಿಸಿದರು.

ಅವರ ವಾದ ಹೀಗಿತ್ತು. ದವಡೆ ಮನುಷ್ಯನದರಂತೆ ಕಮಾನಿನ ಆಕಾರದ್ದು. ಕೋರೆಹಲ್ಲು ಚಿಕ್ಕದು. ಎಲ್ಲಕ್ಕಿಂತ ಮುಖ್ಯವಾಗಿ, ದವಡೆ ಹಲ್ಲಿನ ಎನಾಮಲ್ ದಪ್ಪ. ಚಿಂಪಾಂಜಿ, ಗೊರಿಲ್ಲಾಗಳ ಎನಾಮಲ್ ತೆಳು. ಮನುಷ್ಯನದು ದಪ್ಪ, ನಮ್ಮ ದವಡೆ ಹಲ್ಲಿನ ತುದಿಗಳಲ್ಲಿ ಎರಡೂವರೆ ಮಿಲಿಮೀಟರ್ ತನಕವೂ ಇರುತ್ತದೆ. ಹಾಗಾದರೆ ದಪ್ಪ ಎನಾಮಲ್ ಇರುವ ಹಳೆಯ ವಾನರ ನಮ್ಮ ಕಡೆಯವನೇ ಇರಬೇಕಲ್ಲವೆ?

ಇದರ ಮೇಲೆ ಇನ್ನಷ್ಟು ಕಟ್ಟಿದರು. ಎನಾಮಲ್ ದಪ್ಪ ಎಂದರೆ ಮರ ಬಿಟ್ಟು ನೆಲಕ್ಕಿಳಿದು, ಮಣ್ಣು ಮರಳು ಹತ್ತಿದ ಬೀಜ ಗೆಡ್ಡೆ ತಿಂದಿದೆ ಎಂದು ಅರ್ಥ. ಕೋರೆ ಚಿಕ್ಕದಾದರೆ ಹಲ್ಲಿನ ಕೆಲಸ ಕೈ ಮಾಡುತ್ತಿತ್ತು ಎಂದು ಅರ್ಥ. ಕೈಯಲ್ಲಿ ಆಯುಧ ಇತ್ತು ಎಂದರೆ ಎರಡು ಕಾಲಲ್ಲಿ ನಿಂತಿತ್ತು ಎಂದೂ ಇರಬಹುದು. ಒಂದು ಕೈಯಗಲದ ದವಡೆಯ ಮೇಲೆ ಇಡೀ ಮನುಷ್ಯನನ್ನು ನಿಲ್ಲಿಸಿಬಿಟ್ಟರು. ಕಾಲಿನ ಮೂಳೆ, ಸೊಂಟದ ಮೂಳೆ, ತಲೆಬುರುಡೆ ಯಾವುದೂ ಕೈಯಲ್ಲಿರಲಿಲ್ಲ.

ಅದು ಹೊಸದಾಗಿ ಸ್ವತಂತ್ರವಾದ ದೇಶದ ಕಾಲ. ಮನುಷ್ಯನ ಮೂಲಪುರುಷ ನಮ್ಮ ನೆಲದವನು, ಹೆಸರೂ ರಾಮನದು. ಇಂಥದೊಂದು ಪಾಠ ಪಠ್ಯಪುಸ್ತಕಕ್ಕೆ ಬಂದರೆ ಯಾರಿಗೆ ತಾನೇ ಬೇಡ ಅನ್ನಿಸೀತು?

ರಕ್ತ ಹೇಳಿದ ಬೇರೆ ಮಾತು

1967ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಿಂದ ಒಂದು ತಕರಾರು ಬಂತು. ವಿನ್ಸೆಂಟ್ ಸಾರಿಚ್ ಮತ್ತು ಅಲನ್ ವಿಲ್ಸನ್ ಮೂಳೆ ನೋಡುವವರಲ್ಲ. ಅವರು ಮನುಷ್ಯ, ವಾನರ, ಕೋತಿಗಳ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಹೋಲಿಸಿ ನೋಡಿದರು. ವ್ಯತ್ಯಾಸ ಕಡಿಮೆ ಇದ್ದಷ್ಟೂ ಕವಲೊಡೆದದ್ದು ಇತ್ತೀಚೆಗೆ ಎಂಬುದು ಲೆಕ್ಕ. ಆ ಪ್ರಕಾರ ಮನುಷ್ಯನೂ ಆಫ್ರಿಕಾದ ವಾನರರೂ ಬೇರೆಯಾಗಿ ಸುಮಾರು 50 ಲಕ್ಷ ವರ್ಷ ಮಾತ್ರ ಆಗಿತ್ತು.

ಆಗ ರಾಮಾಪಿಥೆಕಸ್‌ನ ವಯಸ್ಸು ಹೇಳುತ್ತಿದ್ದುದು ಒಂದು ಕೋಟಿಗೂ ಮೇಲೆ. ವಂಶವೇ ಬೇರೆಯಾಗುವ ಮುಂಚೆ ವಂಶದ ಕುಡಿ ಹುಟ್ಟುವುದು ಹೇಗೆ? ಅಷ್ಟು ಹಳೆಯ ಜೀವಿ ನೋಡಲು ಹೇಗೇ ಇರಲಿ, ಮನುಷ್ಯನ ವಂಶದ್ದು ಆಗಲಾರದು ಎಂದು ಸಾರಿಚ್ ಖಡಾಖಂಡಿತವಾಗಿ ಹೇಳಿದರು. ಮೂಳೆಯವರಿಗೆ ಸಿಟ್ಟು ಬಂತು. ರಕ್ತದ ಗಡಿಯಾರವೇ ಕೆಟ್ಟಿದೆ ಎಂದರು. ಹತ್ತು ಹನ್ನೆರಡು ವರ್ಷ ಈ ಜಗಳ ನಡೆಯಿತು.

ಈ ನಡುವೆ 1973ರಲ್ಲಿ ಅಲನ್ ವಾಕರ್ ಮತ್ತು ಪೀಟರ್ ಆಂಡ್ರ್ಯೂಸ್ ಕೆನ್ಯಾದ ತುಂಡುಗಳನ್ನು ಮತ್ತೆ ಜೋಡಿಸಿ ನೋಡಿದರು. ದವಡೆ ಮನುಷ್ಯನದರಂತೆ ಕಮಾನಾಗಿ ತೆರೆಯಲಿಲ್ಲ, ಮುಂದಕ್ಕೆ ಕಿರಿದಾಗುತ್ತ ಹೋಯಿತು. ಒಂದು ಕಂಬ ಅಲ್ಲಿಗೆ ಅಲುಗಾಡಿತು. ಎನಾಮಲ್ ಎಂಬ ಕಂಬ ಮಾತ್ರ ಇನ್ನೂ ನಿಂತಿತ್ತು.

ಕೋತಿಗಳ ಬಾಯಿ ನೋಡಿದಾಗ

ಎನಾಮಲ್ ದಪ್ಪವಿದ್ದರೆ ಮನುಷ್ಯನ ಕಡೆಯವನು ಎಂಬುದು ನಿಜವಾದರೆ, ಮನುಷ್ಯನಿಗೆ ದೂರದ ಕೋತಿಗಳಲ್ಲಿ ದಪ್ಪ ಎನಾಮಲ್ ಇರಬಾರದು. ಇದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು. 1981ರಲ್ಲಿ ಅಮೆರಿಕದ ರಿಚರ್ಡ್ ಕೇ ಈ ದಾರಿಯಲ್ಲಿ ಹೋದರು. ಬದುಕಿರುವ ಬೇರೆ ಬೇರೆ ಜಾತಿಯ ಕೋತಿ, ವಾನರಗಳ ದವಡೆ ಹಲ್ಲು ಹೋಲಿಸಿದರು. ಬರಹದ ತಲೆಬರಹದಲ್ಲೇ ‘ಕಾಯಿ ಒಡೆಯುವವರು’ ಎಂಬ ಅರ್ಥದ ಮಾತಿತ್ತು.

ಅವರು ತೋರಿಸಿದ್ದನ್ನು ನಮ್ಮ ಅಡುಗೆಮನೆ, ಹೊಲದ ಸಾಮಾನಿನಲ್ಲೇ ಹೇಳಬಹುದು.

ಎಲೆ ತಿನ್ನುವ ಕೋತಿಗೆ ಬೇಕಾದದ್ದು ಕುಡುಗೋಲು. ನಮ್ಮ ಮುಸುವ ಆ ಗುಂಪಿನದು. ಚಿಗುರು, ಎಲೆ ಅದರ ಮುಖ್ಯ ಆಹಾರ. ಎಲೆಯನ್ನು ಸಣ್ಣಗೆ ಕತ್ತರಿಸಿದಷ್ಟೂ ಹೊಟ್ಟೆಗೆ ಕೆಲಸ ಸಲೀಸು. ಅದರ ದವಡೆ ಹಲ್ಲಿನಲ್ಲಿ ಏಣುಗಳು ಎತ್ತರ, ಎನಾಮಲ್ ತೆಳು. ತೆಳುವಾಗಿರುವುದೇ ಇಲ್ಲಿ ಅನುಕೂಲ. ತುದಿ ಬೇಗ ಸವೆದು ಒಳಗಿನ ಮೆತ್ತನೆ ಡೆಂಟಿನ್ ಕಾಣುತ್ತದೆ. ಡೆಂಟಿನ್ ತಗ್ಗಾಗುತ್ತದೆ, ಸುತ್ತಲಿನ ಎನಾಮಲ್ ಅಂಚು ಚೂಪಾಗಿ ಎದ್ದು ನಿಲ್ಲುತ್ತದೆ. ಬೀಸುಕಲ್ಲು ನುಣುಪಾದಾಗ ಕಲ್ಲುಕುಟಿಗರನ್ನು ಕರೆದು ಮತ್ತೆ ಒರಟು ಮಾಡಿಸುತ್ತಿದ್ದರಲ್ಲ, ಮುಸುವದ ಹಲ್ಲಿಗೆ ಆ ಕೆಲಸ ತಿನ್ನುತ್ತ ತಿನ್ನುತ್ತ ತಾನೇ ಆಗುತ್ತದೆ.

ಗಟ್ಟಿ ಕಾಯಿ ಒಡೆಯುವ ಕೋತಿಗೆ ಬೇಕಾದದ್ದು ಒರಳು, ಒನಕೆ. ದಕ್ಷಿಣ ಅಮೆರಿಕದ ಜುಟ್ಟಿನ ಕಪುಚಿನ್ ಕೋತಿ ಹೀಗೆಯೇ. ತಾಳೆಜಾತಿಯ ಗಟ್ಟಿ ಕಾಯಿಗಳನ್ನು ಅದು ಬಿಡುವುದಿಲ್ಲ. ಬ್ರೆಜಿಲ್‌ನ ಕೆಲವು ಕಡೆ ಕಲ್ಲೆತ್ತಿ ಕುಟ್ಟಿ ಒಡೆಯುವುದನ್ನೂ ಕಲಿತಿದೆ. ಅದರ ಹಲ್ಲಿನ ಏಣು ಮೊಂಡು, ಎನಾಮಲ್ ಬಹಳ ದಪ್ಪ. ದೇಹಕ್ಕೆ ಹೋಲಿಸಿದರೆ ಕೋತಿಗಳಲ್ಲೇ ಅತಿ ದಪ್ಪ ಎನಾಮಲ್ ಇರುವವುಗಳಲ್ಲಿ ಇದೊಂದು. ಆಫ್ರಿಕಾದ ಮ್ಯಾಂಗಬಿ ಎಂಬ ಕೋತಿಗಳದ್ದೂ ಇದೇ ಕಥೆ. ಅದೇ ಕಾಡಿನಲ್ಲಿ ಮೆತ್ತಗಿನ ಹಣ್ಣು, ಹುಳ, ಎಲೆ ತಿನ್ನುವ ಬೇರೆ ಕೋತಿಗಳದ್ದು ತೆಳು.

ನಮ್ಮ ಊರ ಮಂಗನ ಎನಾಮಲ್ ಮುಸುವದಷ್ಟು ತೆಳುವಲ್ಲ. ಹಣ್ಣು, ಬೀಜ, ಕಾಳು, ಹುಳ, ನಾವು ಎಸೆದ ತಿಂಡಿ, ಸಿಕ್ಕಿದ್ದನ್ನೆಲ್ಲ ತಿನ್ನುವ ಬಾಯಿ ಅದು. ಕಾಳನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಮರದ ಮೇಲೆ ಕೂತು ನಿಧಾನಕ್ಕೆ ಅಗಿಯುತ್ತದೆ. ಮುಸುವಕ್ಕೆ ಆ ಚೀಲವಿಲ್ಲ. ಅದಕ್ಕಿರುವುದು ಎಲೆ ಕೊಳೆಸಿ ಅರಗಿಸುವ, ಕೋಣೆಕೋಣೆಯಾದ ಹೊಟ್ಟೆ. ಎರಡೂ ಒಂದೇ ತೋಟಕ್ಕೆ ಬಂದರೂ ಹಾಳು ಮಾಡುವ ರೀತಿ ಬೇರೆ ಎಂದು ತೋಟದವರಿಗೆ ಗೊತ್ತು. ಹಲ್ಲು ಹೇಳುವುದೂ ಅದನ್ನೇ.

ಕೇ ಅವರ ಹೋಲಿಕೆಯಲ್ಲಿ ಇನ್ನೊಂದು ಮುಖ್ಯ ಸಂಗತಿ ಇತ್ತು. ನೆಲದ ಮೇಲೆ ಬದುಕುವ ಕೋತಿಗಳಿಗೆಲ್ಲ ದಪ್ಪ, ಮರದ ಮೇಲಿನವಕ್ಕೆಲ್ಲ ತೆಳು ಎಂಬ ನಿಯಮ ನಿಲ್ಲಲಿಲ್ಲ. ಕಪುಚಿನ್ ಮರದ ಮೇಲಿದ್ದುಕೊಂಡೇ ದಪ್ಪ ಎನಾಮಲ್ ಪಡೆದಿದೆ. ಹಾಗಾಗಿ ರಾಮಾಪಿಥೆಕಸ್ ನೆಲಕ್ಕಿಳಿದಿತ್ತು ಎಂದು ಹಲ್ಲು ನೋಡಿ ಹೇಳುವಂತಿಲ್ಲ. ಮರದಲ್ಲೇ ಕೂತು ಗಟ್ಟಿ ಸಿಪ್ಪೆಯ ಹಣ್ಣು, ಬೀಜ ಒಡೆಯುತ್ತಿದ್ದಿರಬಹುದು.

ಕಪುಚಿನ್ ಕೋತಿ ಮನುಷ್ಯನ ಪೂರ್ವಜ ಎಂದು ಯಾರೂ ಹೇಳುವುದಿಲ್ಲ. ಅದರ ವಂಶ, ನಮ್ಮ ವಂಶ ಬೇರೆಯಾಗಿ ಕೋಟಿಗಟ್ಟಲೆ ವರ್ಷ ಆಗಿದೆ. ಆದರೂ ಎನಾಮಲ್ ದಪ್ಪ. ಅಲ್ಲಿಗೆ ಎರಡನೇ ಕಂಬವೂ ಹೋಯಿತು. ಹಲ್ಲಿನ ದಪ್ಪ ಹೇಳುವುದು ಮೊದಲು ಊಟದ ಕಥೆ, ವಂಶದ ಕಥೆ ಆಮೇಲೆ.

ಮುಖ ಸಿಕ್ಕಿತು

ಪಿಲ್ಬೀಮ್ ಸುಮ್ಮನೆ ಕೂತಿರಲಿಲ್ಲ. 1970ರ ದಶಕದಲ್ಲಿ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೊತೆ ಹುಡುಕುತ್ತಿದ್ದರು. ಅದೂ ಶಿವಾಲಿಕ್ ಪದರವೇ, ಗಡಿಯ ಆಚೆಗಿನದು. 1980ರಲ್ಲಿ ಅವರ ತಂಡಕ್ಕೆ ಶಿವಾಪಿಥೆಕಸ್‌ನ ಮುಖದ ದೊಡ್ಡ ಭಾಗ, ದವಡೆ ಸಮೇತ ಸಿಕ್ಕಿತು. 1982ರಲ್ಲಿ ಅದರ ವಿವರ ಪ್ರಕಟವಾಯಿತು.

ಆ ಮುಖ ಮನುಷ್ಯನದರಂತಿರಲಿಲ್ಲ. ಕಣ್ಣುಗಳ ನಡುವೆ ಜಾಗ ಕಡಿಮೆ, ಕಣ್ಣಿನ ಗುಳಿ ಉದ್ದುದ್ದ, ಪಕ್ಕದಿಂದ ನೋಡಿದರೆ ತಟ್ಟೆಯಂತೆ ಒಳಕ್ಕೆ ಬಾಗಿದ ಮುಖ. ಇಂಡೊನೇಷ್ಯಾ, ಮಲೇಷ್ಯಾ ಕಾಡಿನ ಒರಾಂಗುಟಾನ್‌ಗೆ ಹತ್ತಿರ. ರಾಮಾಪಿಥೆಕಸ್ ಎಂದು ಕರೆಯುತ್ತಿದ್ದ ಚಿಕ್ಕ ದವಡೆಗಳು ಅದೇ ಶಿವಾಪಿಥೆಕಸ್‌ನವು, ಬಹುಶಃ ಹೆಣ್ಣಿನವು ಎಂಬ ಅಭಿಪ್ರಾಯ ಗಟ್ಟಿಯಾಯಿತು. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬುದು ನಿಯಮ. 1910ರ ಶಿವ ಉಳಿದ, 1934ರ ರಾಮ ಹೋದ.

ಇಲ್ಲಿ ನಮಗೆ ಹೆಚ್ಚು ಇಷ್ಟವಾಗುವುದು ಪಿಲ್ಬೀಮ್ ನಡೆದುಕೊಂಡ ರೀತಿ. ಪಟ್ಟ ಕಟ್ಟಿದವರಲ್ಲಿ ಅವರೂ ಒಬ್ಬರು. ಹೊಸ ಸಾಕ್ಷಿ ತಮ್ಮ ಕೈಯಿಂದಲೇ ಹೊರಬಂದಾಗ ಮುಚ್ಚಿಡಲಿಲ್ಲ, ತಿರುಚಲಿಲ್ಲ, ನಿಲುವು ಬದಲಿಸಿ ಬರೆದರು. 1990ರಲ್ಲಿ ಶಿವಾಪಿಥೆಕಸ್‌ನ ತೋಳಿನ ಮೂಳೆಗಳು ಒರಾಂಗುಟಾನ್‌ಗೆ ಸರಿಹೊಂದದಿದ್ದಾಗ ಆ ನೆಂಟಸ್ತಿಕೆಯ ಬಗ್ಗೆಯೂ ಪ್ರಶ್ನೆ ಎತ್ತಿದವರಲ್ಲಿ ಅವರಿದ್ದರು.

ಬರಗಾಲಕ್ಕೆ ಕಟ್ಟಿದ ಹಲ್ಲು

ಕೋತಿಗಳ ಎನಾಮಲ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ಪ್ರಾಣಿಗೆ ಹಲ್ಲೂ ದೊಡ್ಡದು, ಎನಾಮಲ್ ಕೂಡ ಹೆಚ್ಚು. ಬರೀ ಮಿಲಿಮೀಟರ್ ಅಳೆದರೆ ಲೆಕ್ಕ ತಪ್ಪುತ್ತದೆ. 1985ರಲ್ಲಿ ಲಾರೆನ್ಸ್ ಮಾರ್ಟಿನ್ ಹಲ್ಲನ್ನು ಸೀಳಿ ನೋಡಿ, ಒಳಗಿನ ಡೆಂಟಿನ್ ಗಾತ್ರಕ್ಕೆ ಹೋಲಿಸಿ ದಪ್ಪ ಹೇಳುವ ಕ್ರಮ ಕೊಟ್ಟರು. ಈಗ ಹಲ್ಲು ಸೀಳುವುದೂ ಬೇಡ, ಸ್ಕ್ಯಾನ್ ಮಾಡಿ ಒಳಗನ್ನು ನೋಡುತ್ತಾರೆ.

1997ರಲ್ಲಿ ಉಗಾಂಡಾದ ಕಿಬಾಲೆ ಕಾಡಿನಲ್ಲಿ ಕಂಡದ್ದು ನಮ್ಮ ಒಣಭೂಮಿಯ ಓದುಗರಿಗೆ ಬೇಗ ಅರ್ಥವಾದೀತು. ಅಲ್ಲಿ ಎನಾಮಲ್ ದಪ್ಪವಿರುವ ಮ್ಯಾಂಗಬಿ, ತೆಳುವಿರುವ ಕೆಂಪುಬಾಲದ ಕೋತಿ ಒಟ್ಟಿಗೆ ಬದುಕುತ್ತವೆ. ಸುಭಿಕ್ಷದ ದಿನಗಳಲ್ಲಿ ಇಬ್ಬರ ಊಟವೂ ಬಹುಪಾಲು ಒಂದೇ, ಹಣ್ಣು. ಹಾಗಾದರೆ ಒಬ್ಬನಿಗೆ ಮಾತ್ರ ಯಾಕೆ ದಪ್ಪ ಎನಾಮಲ್? ಆ ವರ್ಷ ಹಣ್ಣಿನ ಕೊರತೆ ಬಂದಾಗ ಉತ್ತರ ಸಿಕ್ಕಿತು. ಮ್ಯಾಂಗಬಿ ಮರದ ತೊಗಟೆ, ಗಟ್ಟಿ ಬೀಜಗಳಿಗೆ ತಿರುಗಿತು. ಕೆಂಪುಬಾಲದ ಕೋತಿಗೆ ಅದು ಆಗಲಿಲ್ಲ. ಜೋನಾ ಲ್ಯಾಂಬರ್ಟ್ ಮತ್ತು ಸಂಗಡಿಗರು ಇದನ್ನು 2004ರಲ್ಲಿ ಬರೆದರು. ಹಲ್ಲು ದಿನನಿತ್ಯದ ಊಟಕ್ಕಷ್ಟೇ ಅಲ್ಲ, ಅಪರೂಪಕ್ಕೆ ಬರುವ ಬರಗಾಲಕ್ಕೂ ಕಟ್ಟಿದ್ದಿರಬಹುದು. ಕಣಜದಲ್ಲಿ ಬರಕ್ಕೆಂದು ಉಳಿಸಿದ ಹಗೇವಿನ ಜೋಳದ ಹಾಗೆ.

ಐವರಿ ಕೋಸ್ಟ್ ದೇಶದ ಟಾಯಿ ಕಾಡಿನ ಇನ್ನೊಂದು ಬಗೆಯ ಮ್ಯಾಂಗಬಿ ಹೀಗಲ್ಲ. ಅದಕ್ಕೆ ಗಟ್ಟಿ ಕಾಯಿ ವರ್ಷವಿಡೀ ಊಟ. ನೆಲಕ್ಕೆ ಬಿದ್ದ ಗಟ್ಟಿ ಓಟೆಗಳನ್ನು ಆರಿಸಿ ದವಡೆಗೆ ಇಟ್ಟು ಕಟಕ್ಕೆಂದು ಒಡೆಯುತ್ತದೆ.

ಈ ಎರಡು ಬಗೆಯ ಮ್ಯಾಂಗಬಿಗಳನ್ನು ಬಹಳ ಕಾಲ ಒಂದೇ ಕುಲ ಎಂದು ಎಣಿಸಿದ್ದರು. ನೋಡಲು ಹಾಗೇ ಇದ್ದವು. ವಂಶವಾಹಿ ಪರೀಕ್ಷೆ ಬಂದ ಮೇಲೆ ಒಂದು ಬಬೂನ್‌ಗಳ ನೆಂಟ, ಇನ್ನೊಂದು ಮ್ಯಾಂಡ್ರಿಲ್‌ಗಳ ನೆಂಟ ಎಂದು ಗೊತ್ತಾಯಿತು. ಒಂದೇ ಬಗೆಯ ಕಸುಬು ಮಾಡುವ ಇಬ್ಬರ ಅಂಗೈ ಒಂದೇ ಥರ ಗಡುಸಾಗಿರುತ್ತದೆ. ಅಷ್ಟಕ್ಕೇ ಅವರು ಅಣ್ಣತಮ್ಮಂದಿರಾಗುವುದಿಲ್ಲ.

ಊಟದ ಕಥೆಯಲ್ಲೂ ಒಂದು ತಿರುವಿದೆ. ಅಮೆಜಾನ್ ಕಾಡಿನ ಸಾಕಿ ಕೋತಿಗಳು ಗಟ್ಟಿ ಕಾಯಿಯ ಬೀಜ ತಿನ್ನುತ್ತವೆ, ಆದರೆ ಎನಾಮಲ್ ತೆಳು. ಅವು ಸಿಪ್ಪೆಯನ್ನು ಬಲವಾದ ಕೋರೆಹಲ್ಲಿನಲ್ಲಿ ಸೀಳಿ, ಒಳಗಿನ ಮೆತ್ತನೆ ಬೀಜವನ್ನು ಮಾತ್ರ ದವಡೆಗೆ ಕೊಡುತ್ತವೆ. ಏನು ತಿನ್ನುತ್ತದೆ ಎಂಬುದರ ಜೊತೆಗೆ ಯಾವ ಹಲ್ಲಿನಿಂದ ಹೇಗೆ ಒಡೆಯುತ್ತದೆ ಎಂದೂ ನೋಡಬೇಕು. ಇದಲ್ಲದೆ, ದಪ್ಪ ಎನಾಮಲ್ ಕಾಯಿ ಒಡೆಯುವುದಕ್ಕೋ, ಬಹುಕಾಲ ಸವೆಯದೆ ಬಾಳಲಿಕ್ಕೋ ಎಂಬ ಚರ್ಚೆಯೂ ನಡೆದೇ ಇದೆ.

ಒಂದೇ ಸಾಕ್ಷಿಯ ಸುದ್ದಿ

1994ರಲ್ಲಿ ಇಥಿಯೋಪಿಯಾದಿಂದ ಆರ್ಡಿಪಿಥೆಕಸ್ ಸುದ್ದಿ ಬಂತು. 44 ಲಕ್ಷ ವರ್ಷ ಹಳೆಯದು, ಮನುಷ್ಯನ ಕವಲಿಗೆ ಸೇರಿದ್ದು ಎಂದು ಅದನ್ನು ಕಂಡವರು ಹೇಳಿದರು. ಅದರ ಎನಾಮಲ್ ನಂತರದ ಮಾನವ ಪೂರ್ವಜರಷ್ಟು ದಪ್ಪವಿರಲಿಲ್ಲ. 1960ರ ದಶಕದ ಅಳತೆಗೋಲು ಹಿಡಿದಿದ್ದರೆ ಹೊರಗಿನವನನ್ನು ಒಳಗೆ ಕರೆದು, ಒಳಗಿನವನನ್ನು ಬಾಗಿಲಲ್ಲೇ ತಡೆದಂತಾಗುತ್ತಿತ್ತು.

ನಾವು ಪತ್ರಿಕೋದ್ಯಮ ಕಲಿಯುವಾಗ ಮೊದಲು ಹೇಳಿಕೊಟ್ಟದ್ದು, ಒಬ್ಬರ ಮಾತು ಕೇಳಿ ಸುದ್ದಿ ಕಳಿಸಬೇಡಿ ಎಂದು. ಎನಾಮಲ್ ಸುಳ್ಳು ಹೇಳಿರಲಿಲ್ಲ. ‘ನಾನು ಗಟ್ಟಿ ಪದಾರ್ಥ ತಿನ್ನುತ್ತಿದ್ದೆ’ ಎಂದಷ್ಟೇ ಹೇಳಿತ್ತು. ‘ನಾನು ನಿಮ್ಮ ಅಜ್ಜ’ ಎಂದು ಕೇಳಿಸಿಕೊಂಡದ್ದು ಕೇಳುವವರ ಕಿವಿ. ನಮ್ಮ ಊರುಗಳಲ್ಲಿ ಮನುಷ್ಯರ ವಿಷಯದಲ್ಲೂ ಹೀಗೆ ನಡೆಯುತ್ತದೆ. ಬಣ್ಣ, ಮೂಗು, ಮಾತಿನ ಧಾಟಿ, ತಟ್ಟೆಯಲ್ಲಿರುವ ಊಟ, ಯಾವುದೋ ಒಂದು ಗುರುತು ಹಿಡಿದು ಇವರು ಇಂಥವರೇ, ಮೂಲ ಇಂಥಲ್ಲಿನದೇ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ತಪ್ಪು ಎಂದು ಗೊತ್ತಾದ ಮೇಲೂ ಹಳೆಯ ಪಾಠ ಬದಲಾಗಲು ತಲೆಮಾರು ಹಿಡಿಯುತ್ತದೆ.

ಮಕ್ಕಳು ರಾಮಾಪಿಥೆಕಸ್ ಎಂದು ಓದುತ್ತಿದ್ದರೆ ಬೇಡ ಎನ್ನಬೇಡಿ, ಪರೀಕ್ಷೆಗೆ ಬೇಕಾಗಬಹುದು. ಜೊತೆಗೆ ಉಳಿದರ್ಧ ಕಥೆಯನ್ನೂ ಹೇಳಿ. ಹಿಮಾಚಲದ ಆ ಜೀವಿ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಅದನ್ನು ತೋರಿಸಿಕೊಟ್ಟವರಲ್ಲಿ ಬ್ರೆಜಿಲ್‌ನ ಕಾಯಿ ಒಡೆಯುವ ಒಂದು ಕೋತಿಯೂ ಇದೆ.